ಬೂದಿಯಲ್ಲಿ ಉಳಿಯುವ ವಿಷ: ನಮ್ಮ ಒಲೆಗೆ ಯಾವ ಸೌದೆ?

ಕೋಲಾರದ ಕಡೆ ಡಿಸೆಂಬರ್ ಬಂತೆಂದರೆ ಸುಬಹಿಗೆ ವುಝೂ ಮಾಡುವಾಗ ಕೈಬೆರಳು ಮರಗಟ್ಟುತ್ತವೆ. ಬೇಕರಿ, ಹೋಟೆಲ್ ವ್ಯಾಪಾರಕ್ಕೋ ಮದ್ರಸದ ಕೆಲಸಕ್ಕೋ ಕರಾವಳಿಯ ಸೆಖೆ ಬಿಟ್ಟು ಈ ಬಯಲುಸೀಮೆಗೆ ಬಂದ ಬ್ಯಾರಿ ಮನೆಯವರಿಗೆ ಮೊದಲ ಚಳಿಗಾಲವೇ ಸೌದೆಯ ಬೆಲೆ ಕಲಿಸಿಬಿಡುತ್ತದೆ. ಅಡುಗೆಗೆ ಗ್ಯಾಸ್ ಇದೆ, ನಿಜ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡವರ ಮನೆಗೂ ಸಿಲಿಂಡರ್ ತಲುಪಿದೆ. ಆದರೆ ಸ್ನಾನದ ಹಂಡೆಗೆ, ಬಾಣಂತಿಯ ನೀರಿಗೆ, ಮಸೀದಿಯ ಹಿಂದಿನ ವುಝೂ ನೀರಿಗೆ, ನಿಕಾಹ್ ಮತ್ತು ನೇರ್ಚೆಯ ದೊಡ್ಡ ಪಾತ್ರೆಗೆ, ಬೇಕರಿಯ ಭಟ್ಟಿಗೆ ಇವತ್ತಿಗೂ ಸೌದೆಯೇ ಗತಿ. ಸಿಲಿಂಡರ್ ಮುಗಿದ ವಾರ ಅಡುಗೆಯೂ ಅದರಲ್ಲೇ.

ಬೆಳಿಗ್ಗೆ ಮದ್ರಸಕ್ಕೆ ಬರುವ ಮಕ್ಕಳ ಸ್ವೆಟರಿನ ವಾಸನೆಯಿಂದಲೇ ಯಾರ ಮನೆಯಲ್ಲಿ ಏನು ಉರಿದಿದೆ ಅಂತ ನಮಗೆ ಗೊತ್ತಾಗುತ್ತದೆ. ನೀಲಗಿರಿಯದು ಒಂದು ವಾಸನೆ, ಹುಣಸೆಯದು ಇನ್ನೊಂದು. ಕೆಲವು ಮಕ್ಕಳ ಬಟ್ಟೆಯಲ್ಲಿ ಮಾತ್ರ ಬಣ್ಣ ಸುಟ್ಟ, ಪ್ಲಾಸ್ಟಿಕ್ ಕರಗಿದ ಘಾಟು. ಇಂಥ ಮನೆಗಳ ಹಿತ್ತಿಲಿಗೆ ಹೋಗಿ ನೋಡಿದರೆ ಸೌದೆ ರಾಶಿಯಲ್ಲಿ ನೀಲಗಿರಿ ತುಂಡಿನ ಜೊತೆ ಹಸಿರು ಬಣ್ಣದ ಹಳೇ ಕಿಟಕಿ, ಪ್ಲೈವುಡ್ ಚೂರು, ನರಸಾಪುರ–ಮಾಲೂರಿನ ಕಾರ್ಖಾನೆ ಕಡೆಯಿಂದ ಬಂದ ಪ್ಯಾಕಿಂಗ್ ಮರ, ಟೊಮೆಟೊ ತೋಟದ ಕಡ್ಡಿ ಎಲ್ಲ ಸೇರಿರುತ್ತವೆ. ‘ಪುಕ್ಕಟೆ ಸಿಕ್ಕಿತು ಉಸ್ತಾದ್, ಒಲೆಗೆ ತಾನೇ’ ಎನ್ನುತ್ತಾರೆ.

ಒಲೆಗೆ ಹಾಕಿದ್ದು ಒಲೆಯಲ್ಲೇ ಮುಗಿಯುವುದಿಲ್ಲ ಎಂಬುದೇ ಇಲ್ಲಿ ವಿಷಯ. ಒಂದು ಪಾಲು ಹೊಗೆಯಾಗಿ ಉಮ್ಮನ ಎದೆಗೆ, ಅವಳ ಸೆರಗು ಹಿಡಿದು ನಿಂತ ಮಗುವಿನ ಎದೆಗೆ ಹೋಗುತ್ತದೆ. ಇನ್ನೊಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯಲ್ಲಿ ನಾವು ಪಾತ್ರೆ ತಿಕ್ಕುತ್ತೇವೆ. ಊರಿನ ನೆನಪಿಗೆ ನೆಟ್ಟ ಬಸಳೆಯ ಬುಡಕ್ಕೂ ಅದನ್ನೇ ಹಾಕುತ್ತೇವೆ.

ಒಳ್ಳೆಯ ಸೌದೆಯ ಹೊಗೆಯೂ ಔಷಧವೇನಲ್ಲ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು, ಅವರಲ್ಲಿ 2.37 ಲಕ್ಷದಷ್ಟು ಐದು ವರ್ಷದೊಳಗಿನ ಮಕ್ಕಳು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮಕ್ಕಳಿಗೆ ನ್ಯುಮೋನಿಯಾ, ಹೆಂಗಸರಿಗೆ ದಮ್ಮು, ಕಣ್ಣಿನ ಪೊರೆ. ಇದು ಸಾದಾ ಕಟ್ಟಿಗೆ, ಬೆರಣಿಯ ಮಾತು. ಬಣ್ಣ, ಅಂಟು, ಮದ್ದು ಹೊಡೆದ ಮರದ ಮಾತೇ ಬೇರೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಯೊಂದರಲ್ಲಿ ಎಂಟು ಜನರ ಒಂದು ಕುಟುಂಬವಿತ್ತು. ಮೂರು ವರ್ಷ ಒಂದೇ ಸಮನೆ ಚಳಿಗಾಲ ಬಂದಾಗೆಲ್ಲ ಮನೆಮಂದಿಗೆ ಕಾಯಿಲೆ. ಮೈಮೇಲೆ ದದ್ದು, ಪದೇಪದೇ ನ್ಯುಮೋನಿಯಾ, ಫಿಟ್ಸ್, ತಲೆಗೂದಲು ಕಿತ್ತು ಬರುವುದು. ಬೇಸಿಗೆಯಲ್ಲಿ ಎಲ್ಲ ಸರಿ. ವೈದ್ಯರು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಲೆ. ಮನೆ ಬೆಚ್ಚಗಿಡಲು ಅವರು ಉರಿಸುತ್ತಿದ್ದದ್ದು ಗೆದ್ದಲು ಹಿಡಿಯದಂತೆ ಮದ್ದು ಕುಡಿಸಿದ ಪ್ಲೈವುಡ್ಡಿನ ಚೂರು. ಅದರೊಳಗಿನ ಆರ್ಸೆನಿಕ್, ನಮ್ಮ ಭಾಷೆಯಲ್ಲಿ ಪಾಷಾಣ, ಬೂದಿಯ ಜೊತೆ ಮನೆಯೆಲ್ಲ ಹರಡಿತ್ತು. 1984ರಲ್ಲಿ ಇದು ಅಲ್ಲಿಯ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮರಕ್ಕೆ ಹಾಕುವ ಈ ಮದ್ದು, ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಮಿಶ್ರಣ, ಹುಟ್ಟಿದ್ದು ನಮ್ಮ ದೇಶದಲ್ಲೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶನ್ ಎಂಬ ವಿಜ್ಞಾನಿ 1933ರಲ್ಲಿ ಕಂಡುಹಿಡಿದದ್ದು. ಕಂಬಕ್ಕೆ, ಗಣಿಯ ಆಸರೆ ಮರಕ್ಕೆ, ಬೇಲಿ ಗೂಟಕ್ಕೆ ಅದು ಉಪಕಾರಿಯೇ. ಒಲೆಗೆ ಮಾತ್ರ ಹರಾಮಿನಂತೆ ದೂರ ಇಡಬೇಕು. ಹಳೇ ಕಂಬದ ತುಂಡು ಕತ್ತರಿಸಿದ ಜಾಗದಲ್ಲಿ ಹಸಿರು ಛಾಯೆ ಕಂಡರೆ ಸಂಶಯವಿಲ್ಲದೆ ಬಿಟ್ಟುಬಿಡಿ. ಕಪ್ಪಗೆ ಎಣ್ಣೆ ಕುಡಿದು ಡಾಂಬರಿನ ವಾಸನೆ ಬರುವ ಹಳೇ ರೈಲ್ವೆ ಸ್ಲೀಪರ್ ಮರವೂ ಇದೇ ಸಾಲಿನದು.

ಹಳೇ ಬಾಗಿಲು, ಕಿಟಕಿ, ಮಂಚದ ಕಾಲು ನಮ್ಮ ಮನೆಗಳಲ್ಲಿ ಇನ್ನೂ ಸಾಮಾನ್ಯ. ಮನೆ ಒಡೆದು ಕಟ್ಟುವಾಗ ಹೊರಬಿದ್ದ ಮರ ಸಾಗುವಾನಿಯಾದರೆ ಗುಜರಿಗೆ, ಉಳಿದದ್ದು ಒಲೆಗೆ. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದ ಬಾಗಿಲಿನಲ್ಲಿ ಎಷ್ಟಿದೆಯೋ ಯಾರು ನೋಡಿದ್ದಾರೆ? ಸೀಸ ಸುಟ್ಟು ಹೋಗುವ ವಸ್ತುವಲ್ಲ. ಬೂದಿಯಲ್ಲಿ ಉಳಿಯುತ್ತದೆ, ತೆಂಗಿನ ನಾರಿಗೆ ಅಂಟಿ ತಟ್ಟೆಗೆ ಬರುತ್ತದೆ. ಅದು ಹೊಡೆಯುವುದು ಮೊದಲು ಮಕ್ಕಳ ಮೆದುಳನ್ನು. ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ಮಗುವನ್ನು ಗದರುವ ಮನೆಯಲ್ಲಿ ಬೂದಿ ಡಬ್ಬಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಪ್ಲೈವುಡ್, ಮೈಕಾ ಹಲಗೆ, ಪುಡಿ ಒತ್ತಿ ಮಾಡಿದ ಬೋರ್ಡು ಇವುಗಳಲ್ಲಿರುವ ಅಂಟು ಸುಟ್ಟಾಗ ಫಾರ್ಮಾಲ್ಡಿಹೈಡ್ ಮುಂತಾದ ಕೆಟ್ಟ ಅನಿಲ ಬರುತ್ತದೆ. ಕಣ್ಣು ಉರಿಯುವುದು ಅದರ ಮೊದಲ ಸೂಚನೆ.

ಕಾರ್ಖಾನೆಯ ಪ್ಯಾಕಿಂಗ್ ಮರದಲ್ಲಿ ಎಲ್ಲವೂ ಕೆಟ್ಟದ್ದಲ್ಲ, ನೋಡಲು ಬರಬೇಕು ಅಷ್ಟೆ. ಹೊರದೇಶಕ್ಕೆ ಹೋಗಿ ಬರುವ ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಒಂದು ಮುದ್ರೆ ಇರುತ್ತದೆ. ಅದರ ಪಕ್ಕ ಎಚ್, ಟಿ ಎಂಬ ಎರಡು ಇಂಗ್ಲಿಷ್ ಅಕ್ಷರವಿದ್ದರೆ ಮರವನ್ನು ಬಿಸಿ ಮಾಡಿ ಹುಳ ಕೊಂದಿದ್ದಾರೆ ಎಂದರ್ಥ. ಎಂ, ಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಅದು ಒಲೆಗೆ ಬೇಡ. ಎಚ್‌ಟಿ ಮುದ್ರೆ ಇದ್ದರೂ ಮೇಲೆ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೆ ಬೇಡ. ಮುದ್ರೆಯೇ ಇಲ್ಲದಿದ್ದರೆ, ಎಲ್ಲಿಂದ ಬಂತು, ಒಳಗೆ ಏನಿತ್ತು ಎಂದು ಕೇಳಿ. ಉತ್ತರ ಸಿಗದಿದ್ದರೆ ಬಿಡಿ. ಶಾಲೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳು ಈ ಮುದ್ರೆಯನ್ನು ನಮಗಿಂತ ಬೇಗ ಹುಡುಕುತ್ತಾರೆ.

ಇನ್ನು ಈ ಜಿಲ್ಲೆಯದೇ ಆದ ಟೊಮೆಟೊ ಕಡ್ಡಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ್ದು ಒಂದು. ಗಿಡಕ್ಕೆ ಆಸರೆಯಾಗಿ ನೆಡುವ ಕಡ್ಡಿಗಳು ಬೆಳೆ ಮುಗಿದ ಮೇಲೆ, ಎರಡು ಮೂರು ಬೆಳೆ ಕಂಡ ಮೇಲೆ, ಸೌದೆಯಾಗಿ ಸುತ್ತಲಿನ ಮನೆಗಳಿಗೆ ಬರುತ್ತವೆ. ಸಣ್ಣಗಿರುತ್ತವೆ, ಒಣಗಿರುತ್ತವೆ, ಸೀಳುವ ಕೆಲಸವಿಲ್ಲ. ಹೆಂಗಸರಿಗೆ ಇಷ್ಟವಾಗುವುದು ಸಹಜ. ಆದರೆ ಗಿಡಕ್ಕೆ ಹೊಡೆದ ಔಷಧಿಯೆಲ್ಲ ಕಡ್ಡಿಗೂ ಬಿದ್ದಿರುತ್ತದೆ. ತಾಮ್ರದ ಶಿಲೀಂಧ್ರನಾಶಕ ಹೊಡೆದ ತೋಟದ ಕಡ್ಡಿಯ ಮೇಲೆ ನೀಲಿ–ಹಸಿರು ಪುಡಿ ಕಣ್ಣಿಗೇ ಕಾಣಬಹುದು. ಜೊತೆಗೆ ಪ್ಲಾಸ್ಟಿಕ್ ದಾರದ ಗಂಟುಗಳು. ನಮ್ಮ ಮಾತು ಕೇಳುವುದಾದರೆ ಇವನ್ನು ಅಡುಗೆ ಒಲೆಗೂ ಭಟ್ಟಿಗೂ ಹಾಕಬೇಡಿ. ಇದಕ್ಕೆ ಪ್ರತಿಯಾಗಿ ಹಿಪ್ಪುನೇರಳೆ ಕಡ್ಡಿ ಇದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ರೇಷ್ಮೆ ಸಾಕುವವರಲ್ಲಿ ಹುಳ ಸೊಪ್ಪು ತಿಂದ ಮೇಲೆ ಕಡ್ಡಿ ಉಳಿಯುತ್ತದೆ. ವಿಷ ಹೊಡೆದ ಸೊಪ್ಪು ಹಾಕಿದರೆ ಹುಳವೇ ಸಾಯುತ್ತದಲ್ಲ! ಹಾಗಾಗಿ ರೇಷ್ಮೆಯವರು ಔಷಧಿ ವಿಷಯದಲ್ಲಿ ಬಹಳ ಜಾಗ್ರತೆ. ಬೇಗ ಹತ್ತಿಕೊಳ್ಳುವ ಚೊಕ್ಕ ಪುಳ್ಳೆ ಬೇಕಾದರೆ ಇದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿ ಇಲ್ಲ.

ದಪ್ಪ ಸೌದೆಗೆ ಬಂದರೆ ಇಲ್ಲಿ ನೀಲಗಿರಿಯದೇ ರಾಜ್ಯ. 1970–80ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಸರಕಾರವೇ ಸಸಿ ಹಂಚಿತು. ಹಳ್ಳಿಯವರಿಗೆ ಸೌದೆ ಸಿಗಲಿ ಎಂಬುದು ಕಾಗದದ ಮೇಲಿನ ಉದ್ದೇಶ. ರಾಗಿ ಹೊಲಗಳೇ ನೀಲಗಿರಿ ತೋಪಾದವು, ಮರ ಮಾತ್ರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಲಾರಿ ಲಾರಿ ಹೋಯಿತು. ಅಂತರ್ಜಲ ಬತ್ತುವ ದೂರು ಹೆಚ್ಚಿದ ಮೇಲೆ 2017ರಲ್ಲಿ ಹೊಸದಾಗಿ ನೆಡುವುದನ್ನು ರಾಜ್ಯ ಸರಕಾರ ನಿಷೇಧಿಸಿತು. ಕಡಿದ ಬುಡದಿಂದ ಮತ್ತೆ ಚಿಗುರುವ ಜಾತಿಯಾದ್ದರಿಂದ ಹಳೇ ತೋಪುಗಳು ಇನ್ನೂ ಇವೆ. ಸೌದೆಯಾಗಿ ನೀಲಗಿರಿ ಒಳ್ಳೆಯದೇ. ಭಾರ, ಒಳ್ಳೆಯ ಕಾವು. ಆದರೆ ಹಸಿಯಿದ್ದಾಗಲೇ ಸೀಳಿಸಬೇಕು. ಒಣಗಿದ ಮೇಲೆ ಕೊಡಲಿಯೇ ವಾಪಸ್ ಹಾರುತ್ತದೆ. ಎಲೆಯಲ್ಲಿ ಎಣ್ಣೆ ಇರುವುದರಿಂದ ಒಣ ಎಲೆಯನ್ನು ಹಿಡಿಗಟ್ಟಲೆ ಒಲೆಗೆ ತುರುಕಿದರೆ ಬೆಂಕಿ ಭಗ್ಗೆಂದು ಮೇಲೇಳುತ್ತದೆ, ದುಪ್ಪಟ್ಟಾದ ತುದಿ ಜೋಕೆ.

ಕೆರೆಯಂಗಳಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಎಲ್ಲರೂ ಬೈಯುತ್ತಾರೆ. ಬೈಯುವವರಿಗೆ ಕಾರಣವೂ ಇದೆ. ಒಲೆಯ ಮಟ್ಟಿಗೆ ಮಾತ್ರ ಅದು ಬಹಳ ಒಳ್ಳೆಯ ಮರ, ಗಟ್ಟಿ, ನಿಧಾನವಾಗಿ ಉರಿದು ಕೆಂಡ ನಿಲ್ಲುತ್ತದೆ. ಮುಳ್ಳು ಸವರಿಸಿಕೊಂಡು ತರಬೇಕು. ಹುಣಸೆ, ಸರ್ವೆ ಇವೂ ಕಾವಿನ ಮರಗಳು. ಶ್ರೀನಿವಾಸಪುರದ ಹಳೇ ಮಾವಿನ ತೋಪು ಕಡಿದಾಗ ಬರುವ ಸೌದೆ ಹಂಡೆಗೆ ಸಾಕು, ಆದರೆ ಪೂರ್ತಿ ಒಣಗಿರಬೇಕು. ಮಾವಿನ ಸೊನೆ ಚರ್ಮಕ್ಕೆ ಆಗದವರಿಗೆ ಹಸಿ ಮಾವಿನ ಹೊಗೆಯೂ ಆಗುವುದಿಲ್ಲ. ಕರಾವಳಿಯಲ್ಲಿ ಚೇರೆ ಮರದ ಹತ್ತಿರ ಹೋಗಿ ಮೈ ಬಾತುಕೊಂಡವರನ್ನು ಕಂಡವರಿಗೆ, ಗೇರು ಬೀಜದ ಸಿಪ್ಪೆ ಸುಟ್ಟ ಹೊಗೆಯಲ್ಲಿ ಕೆಮ್ಮಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಒಂದೇ ಕುಲದ ಮರಗಳು.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ಗಿಡ ಕಣಗಿಲೆ. ಮನೆಯಂಗಳದಲ್ಲಿ, ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಚೆಂದಕ್ಕೆ ಬೆಳೆಸುವ ಗಿಡ. ಸವರಿ ಹಾಕಿದ ಕೊಂಬೆ ನೇರವಾಗಿ, ನಯವಾಗಿ ಇರುತ್ತದೆ. ಹುಡುಗರು ಕಬಾಬ್ ಸುಡಲು ಕಡ್ಡಿ ಹುಡುಕುವಾಗ ಮೊದಲು ಕೈಗೆ ಬರುವುದೇ ಅದು. ಬೇರಿನಿಂದ ಹೂವಿನವರೆಗೆ ಅದರಲ್ಲಿ ಹೃದಯಕ್ಕೆ ಹೊಡೆಯುವ ವಿಷವಿದೆ. ಕಡ್ಡಿಯಾಗಿ ಮಾಂಸಕ್ಕೆ ಚುಚ್ಚುವುದೂ ಬೇಡ, ಒಲೆಗೂ ಬೇಡ. ಹಳದಿ ಹೂವಿನ ಕಣಗಿಲೆಯೂ ಅಷ್ಟೇ. ಹಾಲು ಬರುವ ಕಳ್ಳಿಯ ಒಣ ಕಾಂಡವನ್ನೂ ಸೌದೆಗೆ ಸೇರಿಸಬೇಡಿ, ಅದರ ಹೊಗೆ ಕಣ್ಣಿಗೆ ಕೆಟ್ಟದ್ದು.

ಮರ ಯಾವುದಾದರೂ ಆಗಲಿ, ಹಸಿಯಾಗಿದ್ದರೆ ಅರ್ಧ ಗುಣ ಹೋಯಿತು. ಮದ್ರಸದಲ್ಲಿ ಸೂರಃ ಯಾಸೀನ್ ಕಲಿಸುವಾಗ 80ನೇ ಆಯತ್ತಿನಲ್ಲಿ ಹಸಿ ಮರದಿಂದ ಬೆಂಕಿ ಕೊಟ್ಟ ಅಲ್ಲಾಹನ ಅನುಗ್ರಹದ ಮಾತು ಬರುತ್ತದೆ. ಒಬ್ಬನಾದರೂ ತುಂಟ ಎದ್ದು ಕೇಳದೆ ಇರುವುದಿಲ್ಲ: ‘ಉಸ್ತಾದ್, ನಮ್ಮ ಮನೆಯಲ್ಲಿ ಹಸಿ ಸೌದೆ ಹತ್ತುವುದೇ ಇಲ್ಲವಲ್ಲ?’ ಉಜ್ಜಿದರೆ ಕಿಡಿ ಹಾರುವ ಮರ್ಖ್, ಅಫಾರ್ ಎಂಬ ಅರೇಬಿಯಾದ ಎರಡು ಮರಗಳನ್ನು ಮುಫಸ್ಸಿರುಗಳು ಹೆಸರಿಸಿದ್ದಾರೆ ಎಂದು ಹೇಳಿ ಸುಮ್ಮನಾಗಿಸುತ್ತೇವೆ. ಹುಡುಗನ ಅನುಭವವೂ ಸುಳ್ಳಲ್ಲ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೂರು ಕೆಜಿ ಕೊಂಡರೆ ಐವತ್ತು ಕೆಜಿ ನೀರಿಗೆ ದುಡ್ಡು ಕೊಟ್ಟ ಹಾಗೆ. ಆ ನೀರು ಆವಿಯಾಗಲು ಬೆಂಕಿಯ ಕಾವು ಖರ್ಚಾಗುತ್ತದೆ, ಉರಿ ತಣ್ಣಗಾಗಿ ಹೊಗೆ ದಟ್ಟವಾಗುತ್ತದೆ, ಮಾಡಿಗೆ ಅಂಟು ಮಸಿ ಹಿಡಿಯುತ್ತದೆ. ಗಾಳಿ ಬಿಸಿಲಿಗೆ ಒಣಗಿಸಿದ ಸೌದೆಯಲ್ಲಿ ನೀರು ನೂರಕ್ಕೆ ಇಪ್ಪತ್ತರೊಳಗೆ ಇಳಿಯುತ್ತದೆ.

ಒಣಗಿದೆಯೋ ಇಲ್ಲವೋ ನೋಡುವುದು ಕಷ್ಟವಲ್ಲ. ತುಂಡಿನ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಕೈಗೆ ಕಿತ್ತು ಬರುತ್ತದೆ, ಎರಡು ತುಂಡು ಬಡಿದರೆ ಟಣ್ ಎನ್ನುತ್ತದೆ. ಹಸಿಯದು ದಬ್ ಎನ್ನುತ್ತದೆ. ಉರಿಯುವಾಗ ತುದಿಯಲ್ಲಿ ನೊರೆ ಬಂದರೆ ಇನ್ನೇನು ಕೇಳಬೇಕಿಲ್ಲ. ಗಾಡಿಯ ಮೇಲಿನ ಸಾಲು ನೋಡಿ ಕೊಳ್ಳಬೇಡಿ, ಕೆಳಗಿನಿಂದ ಎರಡು ತುಂಡು ಎಳೆಸಿ ನೋಡಿ. ಪ್ರವಾದಿ(ಸ.ಅ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ತಾಗಿದ, ಒದ್ದೆಯನ್ನು ಮೇಲೆ ಕಾಣುವಂತೆ ಯಾಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ಸಹೀಹ್ ಮುಸ್ಲಿಮಿನಲ್ಲಿದೆ. ಸೌದೆ ಡಿಪೋ ನಡೆಸುವ ನಮ್ಮವರಿಗೂ ಅದೇ ಹದೀಸ್ ಅನ್ವಯ. ಮಳೆಗಾಲದಲ್ಲಿ ನೆನೆದ ಸೌದೆ ಮಾರುವುದು ತಪ್ಪಲ್ಲ, ನೆನೆದದ್ದೆಂದು ಹೇಳಿ ಬೆಲೆ ಇಳಿಸಿದರೆ ಸರಿ.

ಬೆಂಕಿ ಹೊತ್ತಿಸುವಾಗಿನ ಒಂದು ಚಾಳಿಯ ಬಗ್ಗೆ ಬೇಸರದಿಂದಲೇ ಬರೆಯುತ್ತೇವೆ. ಹಾಲಿನ ಕವರ್, ಸೈಕಲ್ ಟ್ಯೂಬಿನ ತುಂಡು, ಹಳೇ ಚಪ್ಪಲಿ. ಬೇಗ ಹತ್ತುತ್ತದೆ, ಒಪ್ಪೋಣ. ಆ ಕರಿ ಹೊಗೆ ಪಕ್ಕದ ಮನೆಯ ಒಣಗಲು ಹಾಕಿದ ಬಟ್ಟೆಗೂ, ಅವರ ತೊಟ್ಟಿಲಿಗೂ ಹೋಗುತ್ತದೆ. ನೆರೆಯವನ ಹಕ್ಕಿನ ಬಗ್ಗೆ ಜುಮುಅ ದಿನ ಬಯಾನ್ ಕೇಳಿ ಬಂದು ಶನಿವಾರ ಟಯರ್ ಸುಡುವುದು ಹೇಗೆ? ಒಂದು ಗೆರಟೆ, ಒಂದು ಹಿಡಿ ತೆಂಗಿನ ನಾರು, ನಾಲ್ಕು ಹಿಪ್ಪುನೇರಳೆ ಕಡ್ಡಿ ಸಾಕು.

ಬೇಕರಿ ಇರುವವರಿಗೆ ಪ್ರತ್ಯೇಕವಾಗಿ ಎರಡು ಮಾತು. ಇಟ್ಟಿಗೆ ಭಟ್ಟಿಯಲ್ಲಿ ಬೆಂಕಿ ಉರಿಯುವ ಜಾಗದಲ್ಲೇ ಕೆಂಡ ಎಳೆದು ಬನ್ನು, ರಸ್ಕು ಬೇಯಿಸುತ್ತೀರಿ. ಹಂಡೆ ಒಲೆಯಲ್ಲಿ ಹಾಳಾದರೆ ಹೊಗೆ ಮಾತ್ರ, ಇಲ್ಲಿ ಬಣ್ಣದ ಮರ ಸುಟ್ಟರೆ ಅದರ ಮಸಿ, ಬೂದಿ ನೇರ ತಿಂಡಿಗೆ. ಮುಂಬೈಯಲ್ಲಿ ಬೇಕರಿಗಳು ಹಳೇ ಪೀಠೋಪಕರಣದ ಚೂರು ಉರಿಸುವ ದೂರು ದೊಡ್ಡದಾಗಿತ್ತು. 2025ರ ಜನವರಿಯಲ್ಲಿ ಅಲ್ಲಿಯ ಹೈಕೋರ್ಟು, ಸೌದೆ–ಇದ್ದಿಲು ಬಳಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಹೇಳಿತು. ಒಳ್ಳೆಯ ಸೌದೆ ಹಾಕುತ್ತಿದ್ದವರೂ ಆ ಆದೇಶದಲ್ಲಿ ಸಿಕ್ಕಿಬಿದ್ದರು. ನಮ್ಮ ಊರಿಗೆ ಅಂಥದ್ದು ಬರುವ ಮೊದಲೇ ಗುಜರಿ ಮರವನ್ನು ಭಟ್ಟಿಯಿಂದ ಹೊರಗಿಟ್ಟರೆ ವ್ಯಾಪಾರಕ್ಕೂ ಒಳ್ಳೆಯದು, ತಿನ್ನುವವರಿಗೂ ಒಳ್ಳೆಯದು.

ಕೊನೆಗೆ ಬಾಣಂತಿ ಕೋಣೆ. ನಮ್ಮಲ್ಲಿ ನಲವತ್ತು ದಿನ ಬಿಸಿ ನೀರು, ಸಾಂಬ್ರಾಣಿ ಹೊಗೆ ಎಲ್ಲ ಇದೆ. ಇಲ್ಲಿಯ ಚಳಿಗೆ ಅದರ ಜೊತೆ ಕೆಂಡದ ಅಗ್ಗಿಷ್ಟಿಕೆಯೂ ಸೇರಿದೆ. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡ ಇಡುವ ಮನೆಗಳಿವೆ. ಹೊಗೆ ಇಲ್ಲದ ಕೆಂಡ ಅಪಾಯವಿಲ್ಲ ಎಂಬ ನಂಬಿಕೆ. ನಿಜ ಅದಕ್ಕೆ ಉಲ್ಟಾ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಪ್ರಾಣವಾಯುವಿಗಿಂತ ಇನ್ನೂರು ಪಟ್ಟು ಹೆಚ್ಚು ಆಸೆಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳುವುದೇ ಇಲ್ಲ. ಹೆರಿಗೆಯ ಸುಸ್ತಿನಲ್ಲಿರುವವಳಿಗೆ ಮಂಪರು ಬಂದರೆ ಯಾರಿಗೂ ಸಂಶಯ ಬರುವುದಿಲ್ಲ. ಮಗುವಿಗಂತೂ ಹೇಳಲು ಬಾಯಿಲ್ಲ. ಎಷ್ಟೇ ಒಳ್ಳೆಯ ಸೌದೆಯ ಕೆಂಡವಾದರೂ ಮುಚ್ಚಿದ ಕೋಣೆಗೆ ಬೇಡ. ಕೋಣೆ ಬೆಚ್ಚಗೆ ಮಾಡಿ ಕೆಂಡ ಹೊರಗೆ ತನ್ನಿ, ಆಮೇಲೆ ಬಾಣಂತಿಯನ್ನು ಮಲಗಿಸಿ. ಸಾಂಬ್ರಾಣಿ ಹಿಡಿಯುವಷ್ಟು ಹೊತ್ತು ಕಿಟಕಿ ತೆರೆದಿರಲಿ. ಮದೀನದಲ್ಲಿ ಒಂದು ರಾತ್ರಿ ಮನೆಮಂದಿ ಒಳಗಿರುವಾಗಲೇ ಮನೆ ಸುಟ್ಟುಹೋದ ಸುದ್ದಿ ತಲುಪಿದಾಗ ಪ್ರವಾದಿ(ಸ.ಅ)ಯವರು ಬೆಂಕಿಯನ್ನು ಶತ್ರುವೆಂದು ಕರೆದು, ಮಲಗುವ ಮೊದಲು ಆರಿಸಬೇಕೆಂದು ಆಜ್ಞಾಪಿಸಿದ್ದನ್ನು ಅಬೂ ಮೂಸಾ ಅಲ್ ಅಶ್‌ಅರೀ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅತ್ತೆ, ನಾದಿನಿಯರಿಗೆ ಇದನ್ನು ಓದಿ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಒಲೆಯನ್ನೇ ಬದಲಿಸುವ ಶಕ್ತಿ ಇರುವವರು ಹೊಗೆಗೂಡು ಇರುವ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯನ್ನು ಹಳ್ಳಿಗಳ ಹಿರಿಯರು ಇನ್ನೂ ನೆನಪಿಟ್ಟಿದ್ದಾರೆ. ಮೂರು ಪಾತ್ರೆ, ಒಂದೇ ಉರಿ, ಹೊಗೆ ಮಾಡಿನ ಮೇಲೆ.

ಮಸೀದಿ ಕಮಿಟಿಯವರಿಗೂ ಮನೆಯವರಿಗೂ ಸೌದೆ ಕೊಳ್ಳುವ ಕಾಲ ಡಿಸೆಂಬರ್ ಅಲ್ಲ. ಫೆಬ್ರವರಿ–ಮಾರ್ಚಿನಲ್ಲೇ ನೀಲಗಿರಿಯನ್ನೋ ಜಾಲಿಯನ್ನೋ ತರಿಸಿ, ಹಸಿಯಿದ್ದಾಗಲೇ ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ, ನೆಲಕ್ಕೆ ತಾಗದಂತೆ ಎರಡು ಕಲ್ಲಿನ ಸಾಲಿನ ಮೇಲೆ ಗಾಳಿ ಆಡುವ ಹಾಗೆ ಅಡ್ಡಡ್ಡ ಪೇರಿಸಬೇಕು. ಕೋಲಾರದ ಬೇಸಿಗೆ ಬಿಸಿಲಿಗೆ ಬೇರೇನೂ ಬೇಕಿಲ್ಲ. ಜೂನ್ ಬರುವ ಮೊದಲು ಮೇಲ್ಗಡೆ ಮಾತ್ರ ತಗಡು ಹೊದಿಸಿ, ಪಕ್ಕ ಮುಚ್ಚಬೇಡಿ. ಕೈ ಹಾಕುವಾಗ ಮೊದಲು ಕೋಲಿನಿಂದ ತಟ್ಟಿ, ರಾಶಿಯಲ್ಲಿ ಚೇಳು ಸೇರಿರುತ್ತದೆ.